ನಾಮಿನಿ ಹೆಸರು ಬರೆಸಿದರೆ ಮುಗೀತಾ? ನಿವೃತ್ತಿ ಮತ್ತು ಆಸ್ತಿಯ ಸಲಹೆಗಾರರು ಮಾಡುವ ಕೆಲಸ

ನಿವೃತ್ತಿಯ ದುಡ್ಡಿಗೆ ಸಲಹೆ ಕೊಡುವವರು ಅಂದ್ರೆ ಯಾವ ಫಂಡ್ ಚೆನ್ನಾಗಿದೆ, ಯಾವ ಬ್ಯಾಂಕಿನಲ್ಲಿ ಬಡ್ಡಿ ಜಾಸ್ತಿ ಅಂತ ಹೇಳುವವರು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದೂ ಇದೆ. ಆದರೆ ಅದಕ್ಕೆ ಹಿಡಿಯುವ ಸಮಯ ಕಮ್ಮಿ. ಈ ವೃತ್ತಿಯಲ್ಲಿರುವ ನಾನು ದಿನವೂ ಮಾಡುವುದು ಪ್ರಶ್ನೆ ಕೇಳುವ, ಕಾಗದ ನೋಡುವ ಕೆಲಸ. ಪಿಎಫ್‌ನಲ್ಲಿ ಯಾರ ಹೆಸರು ಬರೆಸಿದ್ದೀರಿ? ಮನೆಯ ಖಾತೆ ಯಾರ ಹೆಸರಲ್ಲಿದೆ? ಊರಿನ ಜಮೀನಿನ ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದೆಯಾ? ನಿಮ್ಮ ತಾಯಿ ಇದ್ದಾರಾ? ಈ ಕೊನೆಯ ಪ್ರಶ್ನೆ ಕೇಳಿದಾಗ ಎದುರಿಗೆ ಕೂತವರು, ನನ್ನ ದುಡ್ಡಿಗೂ ಅಮ್ಮನಿಗೂ ಏನು ಸಂಬಂಧ ಎನ್ನುವ ಹಾಗೆ ನೋಡುತ್ತಾರೆ. ಸಂಬಂಧ ತುಂಬಾ ಇದೆ, ಮುಂದೆ ಹೇಳುತ್ತೇನೆ.

ಮೊದಲು ಯಾರು ಯಾರು ಅಂತ ಬಿಡಿಸಿಕೊಳ್ಳೋಣ. ವಿಮೆ ಏಜೆಂಟ್, ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್, ಮ್ಯೂಚುವಲ್ ಫಂಡ್ ಮಾರುವವರು, ಇವರೆಲ್ಲ ನಿಮ್ಮಿಂದ ಶುಲ್ಕ ಕೇಳುವುದಿಲ್ಲ. ಅವರ ಸಂಬಳ, ಕಮಿಷನ್ ಎಲ್ಲ ಆ ಕಂಪನಿಗಳ ಕಡೆಯಿಂದ ಬರುತ್ತದೆ. ಇನ್ನೊಂದು ಗುಂಪು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರದ್ದು. 2013ರ ಸೆಬಿ ನಿಯಮಗಳಿಂದ ಈ ವೃತ್ತಿಗೆ ಒಂದು ಚೌಕಟ್ಟು ಬಂತು. ಇವರು ಗ್ರಾಹಕರಿಂದಲೇ ಶುಲ್ಕ ಪಡೆಯಬೇಕು, ಅದೇ ಗ್ರಾಹಕರಿಗೆ ಏನನ್ನಾದರೂ ಮಾರಿ ಕಮಿಷನ್ ತಗೊಳ್ಳುವ ಹಾಗಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಇಂಥವರ ಸಂಖ್ಯೆ ಸಾವಿರದ ಆಸುಪಾಸು ಅಷ್ಟೇ. ಅದಕ್ಕೇ ಇರಬೇಕು, ಸಣ್ಣ ಊರುಗಳಲ್ಲಿ ಜನಕ್ಕೆ ಹೀಗೊಂದು ಕೆಲಸ ಇದೆ ಅಂತಲೇ ಗೊತ್ತಿಲ್ಲ.

ಶುಲ್ಕ ಅಂದ ಕೂಡಲೇ "ಏಜೆಂಟ್ ಫ್ರೀಯಾಗಿ ಮಾಡಿಕೊಡ್ತಾರಲ್ಲ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಮ್ಯೂಚುವಲ್ ಫಂಡ್‌ನಲ್ಲಿ 2013ರಿಂದ ಎರಡು ಬಗೆ, ಫಂಡ್ ಕಂಪನಿಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್, ಮಾರುವವರ ಮೂಲಕ ಕೊಳ್ಳುವ ರೆಗ್ಯುಲರ್. ರೆಗ್ಯುಲರ್‌ನಲ್ಲಿ ಮಾರಿದವರ ಕಮಿಷನ್ ನಿಮ್ಮ ದುಡ್ಡಿನಿಂದಲೇ ಪ್ರತಿ ವರ್ಷ ಹೋಗುತ್ತದೆ. ಎರಡರ ವೆಚ್ಚದಲ್ಲಿ ಶೇ. 1ರಷ್ಟು ವ್ಯತ್ಯಾಸ ಇದ್ದರೆ 50 ಲಕ್ಷಕ್ಕೆ ವರ್ಷಕ್ಕೆ 50,000 ರೂಪಾಯಿ. ನೀವು ಚೆಕ್ ಬರೆಯಲಿಲ್ಲ, ಆದ್ದರಿಂದ ಕೊಟ್ಟದ್ದು ಗೊತ್ತಾಗಲಿಲ್ಲ. ಕಮಿಷನ್ ತಗೊಳ್ಳುವವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಏಜೆಂಟರು ಕುಟುಂಬಗಳ ಜೊತೆ ಮೂವತ್ತು ವರ್ಷ ನಿಂತಿದ್ದಾರೆ, ಸಾವಾದ ಮನೆಗೆ ಮೊದಲು ಹೋಗಿ ಕ್ಲೇಮ್ ಫಾರಂ ತುಂಬಿಸಿದ್ದಾರೆ. ಆದರೂ ಸಲಹೆ ಕೊಡುವವರಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ಈಗ ಕೆಲಸದ ಮೊದಲ ಭಾಗ, ಅಂದ್ರೆ ಸಂಬಳ ನಿಂತ ಮೇಲೆ ತಿಂಗಳು ತಿಂಗಳು ಮನೆ ನಡೆಯುವ ಹಾಗೆ ಮಾಡುವುದು.

ಖಾಸಗಿ ಕಂಪನಿಯಲ್ಲಿ ದುಡಿದವರು ನನ್ನ ಹತ್ತಿರ ಬಂದಾಗ ಸಾಮಾನ್ಯವಾಗಿ ಹೇಳುವ ಮಾತು, "ಪಿಎಫ್ ಇದೆ, ಪೆನ್ಷನ್ ಬರುತ್ತೆ". ಎಷ್ಟು ಬರುತ್ತೆ? ಕಂಪನಿ ಕಟ್ಟುವ ಶೇ. 12ರಲ್ಲಿ ಶೇ. 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. ಆದರೆ ಅದನ್ನು 15,000 ರೂಪಾಯಿ ಸಂಬಳದ ಮಿತಿಯ ಮೇಲೆ ಲೆಕ್ಕ ಹಾಕುತ್ತಾರೆ, ಅಂದ್ರೆ ತಿಂಗಳಿಗೆ 1,250 ರೂಪಾಯಿ. ಪಿಂಚಣಿಯ ಸೂತ್ರ ಸರಳ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000 ರೂಪಾಯಿ ಲೆಕ್ಕದಲ್ಲಿ 30 ವರ್ಷ ದುಡಿದು, 2 ವರ್ಷದ ಬೋನಸ್ ಸೇರಿಸಿದರೂ ತಿಂಗಳಿಗೆ ಬರುವುದು 6,857 ರೂಪಾಯಿ. 2014ಕ್ಕೆ ಮುಂಚೆ ಮಿತಿ 6,500 ಇತ್ತು, ಆ ಹಳೆಯ ಸೇವೆಯ ಪಾಲು ಇನ್ನೂ ಕಡಿಮೆ. ಈ ಮಿತಿ ಬಿಟ್ಟು ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪಿಂಚಣಿಯ ಆಯ್ಕೆ ಪಡೆದವರ ಕಥೆ ಬೇರೆ. ಉಳಿದವರು ತಿಂಗಳಿಗೆ ಲಕ್ಷ ಸಂಬಳ ತಗೊಂಡು ಬಂದಿದ್ದರೂ ಪಿಂಚಣಿ ಇಷ್ಟೇ. ಇದನ್ನು 57ನೇ ವಯಸ್ಸಿನಲ್ಲಿ ಹೇಳಬೇಕಾಗಿ ಬಂದರೆ ನನಗೆ ಸಂಕಟ ಆಗುತ್ತದೆ, 40ರಲ್ಲಿ ಹೇಳಿದ್ದರೆ ದಾರಿ ಇರುತ್ತಿತ್ತು.

ಸರ್ಕಾರಿ ನೌಕರರಲ್ಲೂ ಈಗ ಎರಡು ತಲೆಮಾರು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಿಂಚಣಿ, ಅದರ ಜೊತೆ ತುಟ್ಟಿಭತ್ಯೆ. ಆಮೇಲೆ ಸೇರಿದವರು ಎನ್‌ಪಿಎಸ್‌ಗೆ, ಅಂದ್ರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಬಂದರು. ಒಂದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಮೇಷ್ಟ್ರ ಮುಪ್ಪು ಬೇರೆ ಬೇರೆ. ಮೊದಲನೆಯವರಿಗೆ ಬೆಲೆ ಏರಿದಂತೆ ಪಿಂಚಣಿ ಏರುತ್ತದೆ. ಎರಡನೆಯವರು ಕೂಡಿದ ಹಣದ ಒಂದು ಭಾಗಕ್ಕೆ ಆನ್ಯುಯಿಟಿ, ಅಂದ್ರೆ ವಿಮಾ ಕಂಪನಿಗೆ ಒಟ್ಟಿಗೆ ದುಡ್ಡು ಕೊಟ್ಟು ತಿಂಗಳು ತಿಂಗಳು ಪಿಂಚಣಿ ಪಡೆಯುವ ಯೋಜನೆ, ಕೊಳ್ಳಬೇಕು, ಸಾಮಾನ್ಯವಾಗಿ ಸಿಗುವ ಆನ್ಯುಯಿಟಿಗಳಲ್ಲಿ ತಿಂಗಳ ಮೊತ್ತ ಮೊದಲ ದಿನ ಎಷ್ಟೋ ಕೊನೆಯವರೆಗೂ ಅಷ್ಟೇ.

ಏರದ ಮೊತ್ತ ಯಾಕೆ ಅಪಾಯ ಅಂದ್ರೆ, ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೂ ಇವತ್ತು 50,000 ರೂಪಾಯಿಯಲ್ಲಿ ನಡೆಯುವ ಮನೆಗೆ 20 ವರ್ಷದ ಮೇಲೆ 1,60,000 ಬೇಕು. 60ಕ್ಕೆ ನಿವೃತ್ತರಾದವರು 80 ದಾಟುವುದು ಈಗ ಸಾಮಾನ್ಯ. ಅದರಲ್ಲೂ ಹೆಂಡತಿ ನಾಲ್ಕೈದು ವರ್ಷ ಚಿಕ್ಕವರಾದರೆ ದುಡ್ಡು ಅವರ ಕೊನೆಯವರೆಗೂ ಬರಬೇಕು. ಲೆಕ್ಕ ಹಾಕಬೇಕಾದದ್ದು ಇಬ್ಬರಲ್ಲಿ ಚಿಕ್ಕವರ ವಯಸ್ಸನ್ನು ಹಿಡಿದು.

ಹಾಗಾಗಿ ನಾವು ದುಡ್ಡನ್ನು ಬೇಕಾಗುವ ಕಾಲದ ಪ್ರಕಾರ ಭಾಗ ಮಾಡುತ್ತೇವೆ. ಎರಡು ಮೂರು ವರ್ಷದ ಖರ್ಚು ಬ್ಯಾಂಕಿನಲ್ಲಿ, ಕೇಳಿದಾಗ ಕೈಗೆ ಸಿಗುವ ಹಾಗೆ. ಅದರಾಚೆಯದ್ದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥ ಭದ್ರ ಜಾಗದಲ್ಲಿ. 2023ರ ಏಪ್ರಿಲ್‌ನಲ್ಲಿ ಇದರ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಆಗಿನ ಶೇ. 8.2 ಬಡ್ಡಿಯಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಹತ್ತು ವರ್ಷದ ಆಚೆಗೆ ಬೇಕಾಗುವ ಹಣ ಮಾತ್ರ ಷೇರು ಫಂಡುಗಳಲ್ಲಿ. 2020ರ ಜನವರಿಯಲ್ಲಿ 42,000 ದಾಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ದ ಕೆಳಗೆ ಬಿದ್ದಿತ್ತು. ಆಗ ಮನೆ ಖರ್ಚಿಗೆ ಫಂಡ್ ಮಾರಲೇಬೇಕಾದವರ ದುಡ್ಡು ಕರಗಿತು, ಬ್ಯಾಂಕಿನಲ್ಲಿ ಮೂರು ವರ್ಷದ ಖರ್ಚು ಇಟ್ಟುಕೊಂಡಿದ್ದವರು ಕಾದರು, ಅವರದ್ದು ವಾಪಸ್ ಬಂತು.

ಒಂದು ಮಾತು ಸಹಕಾರಿ ಬ್ಯಾಂಕುಗಳ ಬಗ್ಗೆ. ಅದೇ 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಠೇವಣಿದಾರರು 35,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಅವರಲ್ಲಿ ನಿವೃತ್ತಿಯ ದುಡ್ಡನ್ನೆಲ್ಲ ಅಲ್ಲೇ ಇಟ್ಟ ಹಿರಿಯರು ಬಹಳ. ಠೇವಣಿ ವಿಮೆ ಆಗ ಒಂದು ಲಕ್ಷ ಇತ್ತು, ಫೆಬ್ರವರಿ 4ರಿಂದ ಐದು ಲಕ್ಷ ಆಯಿತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷ. ಅರ್ಧ ಪರ್ಸೆಂಟ್ ಬಡ್ಡಿಯ ಆಸೆಗೆ ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡಬೇಡಿ, ದಯವಿಟ್ಟು.

ಇಲ್ಲಿಯವರೆಗಿನದ್ದು ಲೆಕ್ಕ. ಇನ್ನು ಮುಂದೆ ಬರುವುದೇ ಕಷ್ಟದ ಭಾಗ, ಯಾಕೆಂದರೆ ಸಾವಿನ ಮಾತು ಎತ್ತಬೇಕು. "ನೀವು ಹೋದ ಮೇಲೆ" ಅಂತ ಶುರು ಮಾಡಿದರೆ ಸಾಕು, "ಬಿಡ್ತು ಅನ್ನಿ" ಎಂದು ಒಳಗಿನಿಂದ ಯಾರೋ ಹೇಳುತ್ತಾರೆ. ನಾನು ಮಾತು ನಿಲ್ಲಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂರದೆ ಈ ಮಾತು ಆಡುವುದೂ ಇಲ್ಲ, ಯಾಕೆಂದರೆ ಮುಂದೆ ಒಂದು ದಿನ ಬ್ಯಾಂಕಿಗೆ ಅಲೆಯುವವರು ಅವರಿಬ್ಬರಲ್ಲಿ ಒಬ್ಬರು.

ನಾಮಿನಿಯಿಂದ ಶುರು ಮಾಡೋಣ. ಮನೆಯಲ್ಲಿ ಯಾರೂ ಇಲ್ಲದಾಗ ಪಕ್ಕದ ಮನೆಯವರು ನಿಮ್ಮ ಪಾರ್ಸೆಲ್ ಈಸಿಕೊಂಡು ಇಟ್ಟುಕೊಳ್ಳುತ್ತಾರಲ್ಲ, ನಾಮಿನಿ ಅಂದ್ರೆ ಹಾಗೆ. ಬ್ಯಾಂಕು ಅವರ ಕೈಗೆ ದುಡ್ಡು ಕೊಟ್ಟು ತನ್ನ ಜವಾಬ್ದಾರಿ ಮುಗಿಸಿಕೊಳ್ಳುತ್ತದೆ. ದುಡ್ಡು ಯಾರದ್ದು ಎನ್ನುವುದನ್ನು ವಿಲ್ ಹೇಳಬೇಕು, ವಿಲ್ ಇಲ್ಲದಿದ್ದರೆ ವಾರಸಾ ಕಾನೂನು ಹೇಳುತ್ತದೆ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಷ್ಟು ಹಿಂದೆಯೇ ಇದನ್ನು ಹೇಳಿತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. ನಡುವೆ 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದು, ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿಯನ್ನು ನಾಮಿನಿ ಮಾಡಿದರೆ ಹಣದ ಹಕ್ಕೂ ಅವರದ್ದೇ ಎನ್ನುವ ಅರ್ಥ ಬಂದಿತ್ತು. ಆದರೆ ಕರ್ನಾಟಕ ಹೈಕೋರ್ಟ್ 2025ರಲ್ಲಿ, ಉಳಿದ ವಾರಸುದಾರರು ಪಾಲು ಕೇಳಿದರೆ ಈ ತಿದ್ದುಪಡಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಮೀರುವುದಿಲ್ಲ ಎಂದಿತು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಒಳ್ಳೆಯದೇ. ಆದರೆ ನಾಲ್ಕು ಜನ ಬರೆಸಿದರೂ ಮೂಲ ಮಾತು ಬದಲಾಗಿಲ್ಲ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಒಬ್ಬರು ವಿಲ್ ಬರೆಯದೆ ತೀರಿಕೊಂಡರು ಅಂದುಕೊಳ್ಳಿ. 40 ಲಕ್ಷದ ಠೇವಣಿ ಇದೆ, ಹೆಂಡತಿಯೇ ನಾಮಿನಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ನಾಲ್ಕು ಸಮ ಪಾಲು, ಹೆಂಡತಿಗೆ 10 ಲಕ್ಷ. ತಂದೆ ಇದ್ದರೂ ಮೊದಲ ವರ್ಗದಲ್ಲಿ ಬರುವುದಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇನ್ನೂ ಮುಂದಿದೆ. ತಾಯಿಗೆ ಬಂದ 10 ಲಕ್ಷ ಅವರದ್ದೇ ಆಸ್ತಿ ಆಯಿತು. ಅವರು ವಿಲ್ ಇಲ್ಲದೆ ಹೋದರೆ ಅದು ಅವರ ಮಕ್ಕಳಿಗೆಲ್ಲ ಹಂಚಿಹೋಗುತ್ತದೆ, ಅಂದ್ರೆ ತೀರಿಕೊಂಡವರ ಅಣ್ಣತಮ್ಮ, ಅಕ್ಕತಂಗಿಯರಿಗೂ. ಇದು ಅನ್ಯಾಯ ಅಂತ ನಾನು ಹೇಳುವುದಿಲ್ಲ, ತಾಯಿಗೆ ಪಾಲು ಇರಲೇಬೇಕು. ಆದರೆ ಆ ಮನುಷ್ಯನ ಮನಸ್ಸಿನಲ್ಲಿ ಇದ್ದದ್ದು "ನಾಮಿನಿ ಮಾಡಿದ್ದೀನಿ, ಎಲ್ಲ ಹೆಂಡತಿಗೆ ಹೋಗುತ್ತೆ" ಎಂದು. ಮನಸ್ಸಿನಲ್ಲಿ ಇದ್ದದ್ದಕ್ಕೂ ಆದದ್ದಕ್ಕೂ ನಡುವೆ ಇರುವ ಆ ಅಂತರ ಮುಚ್ಚುವುದೇ ನಮ್ಮ ಕೆಲಸ.

ಹೆಂಗಸರ ಆಸ್ತಿಯ ನಿಯಮ ಇನ್ನೂ ವಿಚಿತ್ರ. ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡ ಒಬ್ಬ ಹಿಂದೂ ಹೆಣ್ಣುಮಗಳು ತಾನೇ ದುಡಿದು ಕೂಡಿಟ್ಟದ್ದು, ವಿಲ್ ಇಲ್ಲದಿದ್ದರೆ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವಳ ಸ್ವಂತ ತಂದೆ ತಾಯಿಯ ಸರದಿ ಆಮೇಲೆ. ತವರಿನ ಆಸರೆಯಲ್ಲೇ ಬದುಕಿದ್ದರೂ ಹಾಗೇ. ತಂದೆ ತಾಯಿಯಿಂದ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ವಾಪಸ್ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಇಂಥ ವ್ಯಾಜ್ಯ ತಪ್ಪಿಸಲು ವಿಲ್ ಬರೆದಿಡಿ ಎಂದು ಹೆಣ್ಣುಮಕ್ಕಳಿಗೆ ಮನವಿ ಮಾಡಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯುವ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. 32 ವಯಸ್ಸಿಗೆ ವಿಲ್ ಯಾಕೆ ಎನ್ನಬೇಡಿ.

ವಿಲ್ ಅಂದ್ರೆ ಜನ ಹೆದರುತ್ತಾರೆ. ಸುಮ್ನೆ ಹೆದರುತ್ತಾರೆ. ಛಾಪಾ ಕಾಗದ ಬೇಕಾಗಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ಸಹಿಯೇ ಸುಳ್ಳು ಎನ್ನುವ ತಕರಾರಿಗೆ ಜಾಗ ಕಡಿಮೆ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದೇ ನಿಲ್ಲುತ್ತದೆ. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಪಾಲು ಪಡೆಯುವವರು ಆಗದಿರಲಿ. ಆಸ್ತಿಯ ಪಟ್ಟಿ ಬರೆದ ಮೇಲೆ, ಇಲ್ಲಿ ಬರೆಯದೆ ಉಳಿದದ್ದೆಲ್ಲ ಯಾರಿಗೆ ಎಂದು ಒಂದು ಸಾಲು ಸೇರಿಸಿ, ಎಷ್ಟೋ ಜಗಳ ಅಲ್ಲೇ ನಿಲ್ಲುತ್ತದೆ. ವಿಲ್‌ನ ಕರಡು ಮಾಡುವುದು ವಕೀಲರ ಕೆಲಸ, ನಮ್ಮದಲ್ಲ. ನಾವು ಪಟ್ಟಿ ಮಾಡಿ, ಪ್ರಶ್ನೆ ಬಿಡಿಸಿ, ಅವರ ಬಳಿ ಕಳಿಸುತ್ತೇವೆ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡುವ ಹಾಗಿಲ್ಲ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಆದ್ದರಿಂದ ಎಲ್ಲರಿಗೂ ಒಂದೇ ನಮೂನೆ ಹೊಂದುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ವಿಲ್ ಮಾಡಬಹುದು, ಪೂರ್ತಿಯನ್ನಲ್ಲ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನಮ್ಮಲ್ಲಿ ಇನ್ನೂ ತಪ್ಪು ತಿಳಿವಳಿಕೆ ಇದೆ. ಕರ್ನಾಟಕ 1994ರಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದವರಿಗೂ ಬಂತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿತು. "ಮದುವೆಗೆ ಖರ್ಚು ಮಾಡಿದ್ದೀವಲ್ಲ" ಎನ್ನುವುದು ಕಾನೂನಿನ ಮಾತಲ್ಲ. ತಂಗಿಗೆ ಪಾಲು ಬೇಡವಾದರೆ ಅವಳು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು, ಅದೂ ಮನಸ್ಸಿನಿಂದ, ಏನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು.

ಜಮೀನಿನ ಕಾಗದ ಇನ್ನೊಂದು ಲೋಕ. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ, ಪಹಣಿಯಲ್ಲಿ ಅವರ ಹೆಸರೇ ಕೂತಿರುತ್ತದೆ. ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ಬೆಳೆ ಸಾಲಕ್ಕೂ ತೊಂದರೆ, ಮಾರುವುದಕ್ಕೂ ತೊಂದರೆ, ರಸ್ತೆಗೆ ಜಾಗ ಹೋದರೆ ಪರಿಹಾರ ಪಡೆಯುವುದಕ್ಕೂ ಅಲೆದಾಟ. ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಇಷ್ಟಿದ್ದರೆ ಆಗುವ ಕೆಲಸ ಇದು. ಆದರೆ ಒಂದು ತಲೆಮಾರು ದಾಟಿತು ಅಂದ್ರೆ ಸಹಿ ಹಾಕಬೇಕಾದವರು ನಾಲ್ಕರಿಂದ ಹದಿನಾಲ್ಕಾಗುತ್ತಾರೆ, ಅದರಲ್ಲಿ ಒಬ್ಬರು ಟೆಕ್ಸಾಸ್‌ನಲ್ಲಿ, ಒಬ್ಬರು ಮಾತು ಬಿಟ್ಟವರು. ಆದ್ದರಿಂದ ಹಿರಿಯರು ಇರುವಾಗಲೇ ಕೂತು ವಿಭಾಗ ಪತ್ರ ಮಾಡಿಕೊಳ್ಳಿ ಎನ್ನುತ್ತೇನೆ.

ಇದಕ್ಕೆ ಕೆಲವರು, "ಹಾಗಾದ್ರೆ ಈಗಲೇ ಮಗನ ಹೆಸರಿಗೆ ದಾನಪತ್ರ ಮಾಡಿಬಿಡ್ತೀನಿ" ಎನ್ನುತ್ತಾರೆ. ಅಲ್ಲಿ ನಾನು ತಡೆಯುತ್ತೇನೆ. ವಿಲ್ ನಿಮ್ಮ ನಂತರ ಜಾರಿಗೆ ಬರುತ್ತದೆ, ದಾನಪತ್ರ ನೋಂದಾಯಿಸಿ ಕೊಟ್ಟಾಗಲೇ ಮನೆ ನಿಮ್ಮ ಕೈಬಿಡುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟು ಮಕ್ಕಳು ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಬಹುದು, ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಹಾಗೆ ಮಾಡುವವರು ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆದರೂ ಎಪ್ಪತ್ತೈದರ ವಯಸ್ಸಿನಲ್ಲಿ ಸ್ವಂತ ಮಗನ ವಿರುದ್ಧ ಅರ್ಜಿ ಹಿಡಿದು ಕೂರುವ ಪರಿಸ್ಥಿತಿ ಯಾರಿಗೂ ಬೇಡ. ವಾಸದ ಮನೆಯನ್ನು ಬದುಕಿರುವವರೆಗೆ ನಿಮ್ಮ ಹೆಸರಲ್ಲೇ ಇಟ್ಟುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತೆರಿಗೆಯ ವಿಷಯ ಬೇಗ ಮುಗಿಸುತ್ತೇನೆ. ಭಾರತದಲ್ಲಿ ವಾರಸಾ ತೆರಿಗೆ ಇಲ್ಲ, ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಬಂದ ಆಸ್ತಿಯನ್ನು ಮಾರಿದಾಗ ಮಾತ್ರ ಲಾಭದ ಮೇಲೆ ತೆರಿಗೆ. ಆದರೆ ಬೆಂಗಳೂರಿನಲ್ಲಿ ಒಂದು ದೊಡ್ಡ ಗುಂಪಿಗೆ ತಿಳಿಯದ ಅಪಾಯ ಇದೆ. ಅಮೆರಿಕದ ಕಂಪನಿಗಳ ಷೇರು, ಅದೇ ಆರ್‌ಎಸ್‌ಯು, ಸಂಬಳದ ಭಾಗವಾಗಿ ಪಡೆದವರು ತೀರಿಕೊಂಡರೆ, 60,000 ಡಾಲರ್ ಮೀರಿದ ಮೌಲ್ಯಕ್ಕೆ ಅಮೆರಿಕ ಎಸ್ಟೇಟ್ ತೆರಿಗೆ ಕೇಳುತ್ತದೆ, ಶೇ. 40ರವರೆಗೂ. ಅವರು ಇಲ್ಲೇ ಹುಟ್ಟಿ ಇಲ್ಲೇ ಬದುಕಿದವರಾದರೂ ಇದು ತಪ್ಪುವುದಿಲ್ಲ, ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವೂ ಇಲ್ಲ. ಷೇರು ಕೈಗೆ ಬಂದಂತೆ ಮಾರಿ ಇಲ್ಲಿನ ಹೂಡಿಕೆಗೆ ತಂದುಕೊಳ್ಳಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಹೊರದೇಶದಲ್ಲಿರುವ ಮಕ್ಕಳು ಇಲ್ಲಿನ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಆದರೆ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು.

ಈ ವೃತ್ತಿಗೆ ಬರಬೇಕು ಅನ್ನುವ ಹುಡುಗ ಹುಡುಗಿಯರಿಗೆ ಒಂದಿಷ್ಟು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ 10-ಎ ಮತ್ತು 10-ಬಿ ಪರೀಕ್ಷೆಗಳು ಪಾಸಾಗಬೇಕು. 2024ರ ಡಿಸೆಂಬರ್‌ನಲ್ಲಿ ಸೆಬಿ ನಿಯಮ ಸಡಿಲಿಸಿತು. ಈಗ ಪದವಿ ಸಾಕು, ಅನುಭವದ ಷರತ್ತು ಹೋಗಿದೆ, ಇಂತಿಷ್ಟು ನೆಟ್‌ವರ್ತ್, ಅಂದ್ರೆ ಸಾಲ ಕಳೆದು ಉಳಿಯುವ ಸ್ವಂತ ಆಸ್ತಿ, ತೋರಿಸುವ ಬದಲು ಠೇವಣಿ ಇಡಬೇಕು. ನಿಗದಿತ ಶುಲ್ಕಕ್ಕೆ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ. ಕಮಿಷನ್ ಬಿಟ್ಟು ಶುಲ್ಕದ ಮೇಲೆ ನಿಲ್ಲುವುದಕ್ಕೆ ಮೊದಲ ಕೆಲವು ವರ್ಷ ಕಷ್ಟ ಇದೆ, ಮನೆಯವರಿಗೆ ಮುಂಚೆಯೇ ಹೇಳಿ ಬನ್ನಿ. ಪರೀಕ್ಷೆಯಲ್ಲಿ ಕೇಳದ ಒಂದು ವಿಷಯ ಕಲಿಯಲೇಬೇಕು. ಮಗ ಅಪ್ಪನನ್ನು ಕರೆದುಕೊಂಡು ಬಂದು, ಅಪ್ಪನ ಬದಲು ತಾನೇ ಉತ್ತರ ಕೊಡುತ್ತಿದ್ದರೆ, ನಿಮ್ಮ ಗ್ರಾಹಕರು ಅಪ್ಪ ಎನ್ನುವುದನ್ನು ಮರೆಯಬೇಡಿ. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅಪ್ಪನನ್ನು ಒಬ್ಬರನ್ನೇ ಕೇಳಿ.

ಸಲಹೆಗಾರರನ್ನು ಹುಡುಕುತ್ತಿರುವವರು ಐಎನ್‌ಎ ಎಂದು ಶುರುವಾಗುವ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ತಾಳೆ ನೋಡಿ. ಇಂತಿಷ್ಟು ಲಾಭ ಗ್ಯಾರಂಟಿ ಎಂದವರ ಹತ್ತಿರ ಹೋಗಬೇಡಿ. ಮೊದಲ ಭೇಟಿಗೆ ಹೋಗುವಾಗ ಪಿಎಫ್ ಪಾಸ್‌ಬುಕ್, ಠೇವಣಿ ರಸೀದಿಗಳು, ವಿಮೆ ಪಾಲಿಸಿಗಳು, ಮನೆಯ ಖಾತೆ, ಪಹಣಿ, ಇವುಗಳ ಜೆರಾಕ್ಸ್ ಒಂದು ಫೈಲಿನಲ್ಲಿ ಇರಲಿ. ಅಪ್ಪ ಅಮ್ಮನ ಮರೆತುಹೋದ ಖಾತೆಗಳಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಅವರ ಹೆಸರು ಹಾಕಿ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ವಾರಸುದಾರರು ಅರ್ಜಿ ಹಾಕಿದರೆ ವಾಪಸ್ ಸಿಗುತ್ತದೆ.